ಹಿಗನ್‌ಗೆ ಮುಂಚೆ ಮಾಗಿದ ಜೋಳ

"ಒಂದು ನಿಮಿಷ ನಿಲ್ಸಪ್ಪ!"

ಶವದ ಗಾಡಿಯ ಹಿಂದೆ ಹೊರಟಿದ್ದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹೊಮ್ಮಾ ಇಳಿದು, ಕರಿ ಸೂಟಿನಲ್ಲೇ ತೀರಿಕೊಂಡ ಗೆಳೆಯ ಇಸಾಮುವಿನ ಮುಸುಕಿನ ಜೋಳದ ಹೊಲಕ್ಕೆ ನುಗ್ಗಿದ. ಮರಳಿದಾಗ ಅವನ ಕೋಟಿನ ಜೇಬಿನಲ್ಲಿ ಒಂದು ತೆನೆಯಿತ್ತು.

"ಗೆಳೆಯನ ಹೆಣ ಮುಂದೆ ಹೋಗ್ತಿದೆ, ಇವರಿಗೆ ಜೋಳದ ಚಿಂತೆ," ಎಂದಳು ಅವನ ಹೆಂಡತಿ.

"ಅವನಿದ್ದಿದ್ರೂ ಇಳೀತಿದ್ದ ಕಣೆ."

ಇಸಾಮುವಿನ ಹೆಂಡತಿ ಫುಮಿಯೆ ತೊಡೆಯ ಮೇಲಿದ್ದ ಗಂಡನ ಫೋಟೋ ಸರಿಮಾಡಿಕೊಂಡಳು. ಇಳಿಯುತ್ತಿದ್ದ, ಅದು ಅವಳಿಗೂ ಗೊತ್ತು. ದೇಶದ ಉತ್ತರ ತುದಿಯ ತೊಕಾಚಿಯಲ್ಲಿ ಹಸು ಸಾಕುವವರೆಲ್ಲ, ಹಸಿಯಾಗಿ ಕೊಚ್ಚಿ ಚಳಿಗಾಲಕ್ಕೆ ಹುದುಗಿಸಿಡುವ ರಸಮೇವಿಗೆಂದು ಜೋಳ ಬೆಳೆಯುತ್ತಾರೆ. ಕೃಷಿ ಪ್ರಯೋಗ ಕೇಂದ್ರದ ಹೊಸ ಹೈಬ್ರಿಡ್ ತಳಿಗಳನ್ನು ಪಕ್ಕಪಕ್ಕದಲ್ಲಿ ಬಿತ್ತಿ ಹೋಲಿಸಿ ನೋಡುವ ಹುಚ್ಚು ಮಾತ್ರ ಊರಿನಲ್ಲಿ ಅವಳ ಗಂಡನೊಬ್ಬನದು. ಆ ಹುಚ್ಚಿನ ಮೇಲೆ ಅವಳಿಗೆ ಸವತಿಯ ಮೇಲಿನಷ್ಟೇ ಸಿಟ್ಟಿತ್ತು.

*

ಮದುವೆಯಾಗಿ ಬಂದ ವರ್ಷವೇ ಕೇಳಿದ್ದಳು. "ಹಿಗನ್‌ಗೆ ನಮ್ಮೂರಿಗೆ ಹೋಗೋಣ ರೀ. ಅಮ್ಮನ ಸಮಾಧಿ ತೊಳೀಬೇಕು. ಆ ಒಂದು ವಾರ ಗದ್ದೆ ಬದು ತುಂಬ ಕೆಂಪು ಹೂ. ನೀವು ನೋಡೇ ಇಲ್ಲ."

"ಜೋಳ ಮುಗೀಲಿ, ಹೋಗೋಣ."

ಹಿರಿಯರ ಸಮಾಧಿಗೆ ಹೋಗಿಬರುವ ಹಿಗನ್ ವಾರ ಬರುವುದು ಸೆಪ್ಟೆಂಬರಿನಲ್ಲಿ. ಜೋಳ ಮುಗಿಯುವುದು ಅಕ್ಟೋಬರಿನಲ್ಲಿ. ಅವಳ ತವರು ಕ್ಯೂಶು, ದೇಶದ ಇನ್ನೊಂದು ತುದಿ.

"ಹೂ ಬಾಡಿದ ಮೇಲೆ ಹೋಗಿ ಏನು ನೋಡೋದು, ಬದುನಾ?" ಎಂದು ಮುನಿಸಿಕೊಂಡು ಬೇರೆ ಕಾಲದಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದಳು.

ಒಂದು ವರ್ಷ ಅವನು ಯಾರ ಮಾತೂ ಕೇಳದೆ ಹೊಲಕ್ಕೆಲ್ಲ ಬೇಗ ಮಾಗುವ ತಳಿ ಬಿತ್ತಿದ. ಬಿರುಗಾಳಿಗೆ ಗಿಡವೆಲ್ಲ ಮಲಗಿತು. ಬಿದ್ದದ್ದನ್ನು ಎತ್ತಿ ಕೊಯ್ಯುವಷ್ಟರಲ್ಲಿ ಮತ್ತೆ ಅಕ್ಟೋಬರ್. ಮಣ್ಣು ಸೇರಿ ಮೇವು ಕೆಟ್ಟಿತು, ಹಸುಗಳ ಹಾಲು ಇಳಿಯಿತು.

"ನಿಮಗೇನು ಅವಸರ ಇತ್ತು? ಯಾರು ಅಟ್ಟಿಸ್ಕೊಂಡು ಬಂದಿದ್ರು?" ಎಂದು ಅವಳು ಕೂಗಾಡಿದಳು.

ಅವನು ಬೂಟಿನ ಮಣ್ಣು ಕೆರೆಯುತ್ತ ಕುಳಿತಿದ್ದ.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಎಲ್ಲರ ಮುಂದೆಯೂ ಚಹಾ, ಅನ್ನದ ಉಂಡೆ. ಹೊಮ್ಮಾ ತೆನೆಯನ್ನು ಲಟ್ಟನೆ ಮುರಿದು ಕಾಳು ತೋರಿಸಿದ. ಕಾಳಿನೊಳಗಿನ ಹಾಲು ಅರ್ಧಕ್ಕೆ ಇಳಿದು ಮೇಲರ್ಧ ಗಟ್ಟಿಯಾಗಿತ್ತು.

"ಹದ ಬಂದಿದೆ. ಇವತ್ತೇ ಕೊಯ್ಯೋಣ, ತಡ ಮಾಡಿದ್ರೆ ಒಣಗುತ್ತೆ."

"ಹಿಗನ್‌ಗೆ ಇನ್ನೂ ವಾರ ಇದೆ!" ಪ್ರಯೋಗ ಕೇಂದ್ರದ ಶಿಮೊದಾ ಮುರಿದ ತೆನೆಯನ್ನು ಕೈಗೆ ತೆಗೆದುಕೊಂಡ. "ಗೆದ್ದುಬಿಟ್ರಲ್ಲ ಯಜಮಾನ್ರು."

"ಏನು ಗೆದ್ದದ್ದು?" ಎಂದಳು ಫುಮಿಯೆ.

"ಬೇರೆಯವರೆಲ್ಲ ತೂಕ ಎಷ್ಟು ಬರುತ್ತೆ ಅಂತ ಕೇಳ್ತಾರಮ್ಮ. ಇವರದ್ದು ವರ್ಷಾ ವರ್ಷ ಒಂದೇ ಪ್ರಶ್ನೆ. ಹಿಗನ್‌ಗೆ ಮುಂಚೆ ಮಾಗುತ್ತಾ, ಗಾಳಿಗೆ ನಿಲ್ಲುತ್ತಾ? ಹೋದ ವರ್ಷ ಒಂದು ತಾಕು ನಿಂತಿತು. ಈ ಸಲ ಹೊಲಕ್ಕೆಲ್ಲ ಅದನ್ನೇ ಬಿತ್ತಿದ್ರು."

"ಯಾಕಂತೆ?"

ಹೊಮ್ಮಾ ಅವಳ ಮುಖವನ್ನೇ ನೋಡಿದ. "ಕುಡಿದಾಗಲೆಲ್ಲ ಅದೇ ರಾಗ ಅವನದು, ಅತ್ತಿಗೆ. ಕೆಂಪು ಹೂ ನೋಡೋಕೆ ಹೋಗ್ಬೇಕು, ಫುಮಿಯೆಗೆ ಮಾತು ಕೊಟ್ಟಿದೀನಿ ಅಂತ. ಜೋಳ ಮಾಗೋವರೆಗೂ ಬಾಯಿ ಬಿಡಬೇಡ, ಈ ಸಲಾನೂ ಕೈಕೊಟ್ರೆ ಅವಳು ನನ್ನ ಮುಖ ನೋಡಲ್ಲ ಅಂತಿದ್ದ."

ಫುಮಿಯೆಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಒಂದು ಮಾತು ಹೇಳಬಾರದಿತ್ತೇ ಈ ಮನುಷ್ಯ? ಕಾಯುವುದನ್ನಾದರೂ ಇಬ್ಬರೂ ಸೇರಿ ಕಾಯಬಹುದಿತ್ತು. ಆಮೇಲೆ ಒಳಗಿನಿಂದ ಕರೆ ಬಂತು. ಸುಟ್ಟು ಉಳಿದ ಎಲುಬುಗಳನ್ನು ಪದ್ಧತಿಯಂತೆ ಅವಳೂ ಹೊಮ್ಮಾನೂ ತಮ್ಮ ಕಡ್ಡಿಗಳ ನಡುವೆ ಒಟ್ಟಿಗೆ ಹಿಡಿದು ಒಂದೊಂದಾಗಿ ಕುಡಿಕೆಗೆ ಇಳಿಸಿದರು.

*

ಮನೆಗೆ ಬಂದವರೇ ಗಂಡಸರು ಕರಿ ಕೋಟು ಬಿಚ್ಚಿ ಬೇಲಿಯ ಮೇಲೆ ಎಸೆದರು. ಕರಿ ಟೈಗಳನ್ನು ಅಂಗಿಯೊಳಗೆ ತುರುಕಿಕೊಂಡು ಕೊಯ್ಲಿನ ಯಂತ್ರ, ಲಾರಿಗಳನ್ನು ಹತ್ತಿದರು.

"ಒಳಗೆ ಬಾ, ಅಸ್ಥಿ ಪೆಟ್ಟಿಗೇನ ಪೀಠದ ಮೇಲೆ ಇಡ್ಬೇಕು," ಎಂದು ಹೊಮ್ಮಾನ ಹೆಂಡತಿ ಕರೆದಳು.

"ಇರಿ ಅಕ್ಕ. ಇವರೂ ಕೊಯ್ಲು ನೋಡ್ಲಿ."

ಕುಡಿಕೆಯಿಟ್ಟು ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಫುಮಿಯೆ ಹೊಲದಂಚಿನಲ್ಲೇ ಕುಳಿತಳು. ಆಳೆತ್ತರದ ಜೋಳ ಸಾಲುಸಾಲಾಗಿ ಇಳಿಯುತ್ತ ಹೋಯಿತು. ಹೊತ್ತು ಮುಳುಗುವ ಮುಂಚೆ ಕೊನೆಯ ಸಾಲೂ ಬಿತ್ತು. ಅದರ ಹಿಂದೆ ಇಷ್ಟು ದಿನ ಕಾಣದಿದ್ದ ರಸ್ತೆ ಕಂಡಿತು, ರೈಲು ನಿಲ್ದಾಣಕ್ಕೆ ಹೋಗುವ ರಸ್ತೆ.

ಪೆಟ್ಟಿಗೆ ಇನ್ನೂ ಬೆಚ್ಚಗಿತ್ತು.

"ಜೋಳ ಮುಗೀತು ರೀ," ಎಂದಳು. ಬಿಳಿ ಬಟ್ಟೆಯ ಗಂಟನ್ನು ಬಿಚ್ಚಿ, ದೂರದ ಪ್ರಯಾಣಕ್ಕೆ ಕಟ್ಟುವಂತೆ ಇನ್ನೊಮ್ಮೆ ಬಿಗಿಯಾಗಿ ಕಟ್ಟಿದಳು.