ಮಾತ್ರೆ ಡಬ್ಬಿಯ ಪರೀಕ್ಷೆ

ಪುರಾವೆ ಇಲ್ಲದೆ ಏನನ್ನೂ ನಂಬದ ಆಸಾಮಿ ಅವನು. ಮಳೆ ಬರುತ್ತಿದೆ ಎಂದರೂ ಕಿಟಕಿಯಾಚೆ ಕೈ ಚಾಚಿ ನೋಡುವವನು. ಹಾಗಾಗಿ ಆಫೀಸಿನಲ್ಲಿ ಅವನಿಗೆ ‘ಪುರಾವೆ’ ಎಂದೇ ಅಡ್ಡಹೆಸರು. ಅದನ್ನು ಬಿರುದು ಎಂದುಕೊಂಡಿದ್ದ, ಪುಣ್ಯಾತ್ಮ.

ವರ್ಷವಿಡೀ ತಲೆ ಕೆಡಿಸಿಕೊಂಡು ಅವನು ವಿನ್ಯಾಸ ಮಾಡಿದ್ದು ವಯಸ್ಸಾದವರಿಗಾಗಿ ಒಂದು ಮಾತ್ರೆ ಡಬ್ಬಿ. ಹೊತ್ತಿಗೆ ಸರಿಯಾಗಿ ಅದು ‘ಕೀಂ’ ಎನ್ನಬೇಕು, ಮುಚ್ಚಳ ತೆಗೆದರೆ ಸುಮ್ಮನಾಗಬೇಕು, ತೆಗೆದ ಸಮಯವನ್ನು ಒಳಗಿನ ಮೆಮೊರಿ ಚಿಪ್ ಬರೆದಿಟ್ಟುಕೊಳ್ಳಬೇಕು. ಸೋಮವಾರದ ಮೀಟಿಂಗಿನಲ್ಲಿ ಒಪ್ಪಿಗೆ ಸಿಕ್ಕರೆ ಫ್ಯಾಕ್ಟರಿಯಲ್ಲಿ ಹತ್ತು ಸಾವಿರ ಡಬ್ಬಿ ತಯಾರಾಗುತ್ತವೆ. ಅದಕ್ಕೂ ಮುಂಚೆ ಮೂರು ವಾರದ ಪರೀಕ್ಷೆ ಆಗಬೇಕು. ದೂರ ಹುಡುಕುವುದೇಕೆ, ಹೆಂಡತಿಯ ತಾಯಿ ಮನೆಯಲ್ಲೇ ಇದ್ದರು. ಹೃದಯದ ಮಾತ್ರೆ, ಬೆಳಿಗ್ಗೆ ಎಂಟಕ್ಕೆ, ತಪ್ಪಿಸುವಂತಿಲ್ಲ.

ದಿನವೂ ಎಂಟಕ್ಕೆ ಅವನು ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು ಇಣುಕುತ್ತಿದ್ದ. ಅತ್ತೆ ಟಕ್ಕನೆ ಮುಚ್ಚಳ ತೆಗೆದು ಮಾತ್ರೆ ನುಂಗುತ್ತಿದ್ದರು. ಯಾರ ಮಾತಿಗೂ ಜಗ್ಗದ ಅತ್ತೆ ತನ್ನ ಡಬ್ಬಿಯ ಮಾತಿಗೆ ಜಗ್ಗಿದರು ಎಂದು ಅವನು ಬೀಗುತ್ತಿದ್ದ.

ಇಪ್ಪತ್ತೊಂದು ದಿನಗಳಲ್ಲಿ ಹತ್ತೊಂಬತ್ತು ದಿನ ದಾಖಲೆ ಅಚ್ಚುಕಟ್ಟು. ನಡುವೆ ಎರಡು ದಿನ ಮಾತ್ರ ಖಾಲಿ. ಆ ಎರಡು ದಿನ ಅವನು ಫ್ಯಾಕ್ಟರಿ ನೋಡಲು ಪರವೂರಿಗೆ ಹೋಗಿದ್ದ. ಬೇರೆಯವರಾಗಿದ್ದರೆ ಅತ್ತೆಯನ್ನು ಒಂದು ಮಾತು ಕೇಳುತ್ತಿದ್ದರು. ಇವನು ಚಿಪ್ಪನ್ನು ವಿಚಾರಿಸಿದ! ತಪ್ಪೇನೂ ಸಿಗದಿದ್ದರೂ ಕಿತ್ತು ಹೊಸದನ್ನು ಬೆಸುಗೆ ಹಾಕಿ, ‘ಮೆಮೊರಿ ದೋಷ, ಸರಿಪಡಿಸಲಾಗಿದೆ’ ಎಂದು ಮೂರು ಪುಟದ ವರದಿ ಗೀಚಿದ.

ಭಾನುವಾರದ ಹೊತ್ತಿಗೆ ಪರೀಕ್ಷೆ ಮುಗಿದಿತ್ತು, ಇಣುಕುವ ಕೆಲಸವಿರಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮರುದಿನದ ಸ್ಲೈಡುಗಳನ್ನು ತಿದ್ದುತ್ತಿದ್ದ. ಎದುರಿಗೆ ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಎಂಟಾಯಿತು. ಅವರ ಮೊಣಕೈ ಪಕ್ಕದಲ್ಲೇ ಡಬ್ಬಿ ಕೀಂ ಎಂದಿತು. ಅತ್ತೆ ಬಟಾಣಿ ಬಿಡಿಸಿದರು. ಡಬ್ಬಿ ಕೀಂ ಕೀಂ ಎಂದಿತು. ಅತ್ತೆ ಇನ್ನೊಂದು ಕಾಯಿ ತೆಗೆದುಕೊಂಡರು.

“ಅತ್ತೆ, ಡಬ್ಬಿ ಕೂಗ್ತಿದೆಯಲ್ಲ?”

“ಹೌದಾ? ಎಂಟಾಗೋಯ್ತಾ?” ಅತ್ತೆ ಗಡಿಬಿಡಿಯಲ್ಲಿ ಮುಚ್ಚಳ ತೆಗೆದರು.

“ನಿಮಗೆ ಕೇಳಿಸ್ಲಿಲ್ವಾ?”

“ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಒಂದು ದಿನಾನೂ ಕೇಳಿಸಿಲ್ಲ.”

“ಮತ್ತೆ ದಿನಾ ಅಷ್ಟು ಸರಿಯಾಗಿ ನುಂಗ್ತಿದ್ರಿ?”

“ನೀವು ಬಂದು ಬಾಗಿಲ ಹಿಂದೆ ನಿಲ್ತಿದ್ರಲ್ಲ, ಹೊಟ್ಟೆ ಈಚೆಗೇ ಕಾಣ್ತಿತ್ತು. ಹೊಟ್ಟೆ ಕಂಡ ಕೂಡ್ಲೇ ಎಂಟು ಗಂಟೆ ಅಂತ ನುಂಗ್ತಿದ್ದೆ.”

“ನಾನು ಊರಲ್ಲಿ ಇರ್ಲಿಲ್ಲವಲ್ಲ, ಆ ಎರಡು ದಿನ?”

ಅತ್ತೆ ಬಟಾಣಿಯನ್ನೇ ನೋಡುತ್ತಾ ಹೇಳಿದರು: “ಮಗಳೂ ಕೆಲಸಕ್ಕೆ ಹೋಗಿದ್ಲು, ಮರ್ತೇ ಹೋಯ್ತು. ತಲೆ ಸುತ್ತಿ ಬಚ್ಚಲುಮನೆ ಗೋಡೆ ಹಿಡ್ಕೊಂಡು ಕೂತಿದ್ದೆ. ನಿಮ್ಮ ಕೆಲಸಕ್ಕೆ ಕಲ್ಲು ಬೀಳುತ್ತೆ ಅಂತ ಬಾಯಿ ಬಿಡ್ಲಿಲ್ಲ.”

ಅವನು ಸ್ಲೈಡು ಬಿಟ್ಟು ಡಬ್ಬಿಯನ್ನು ಕೈಗೆತ್ತಿಕೊಂಡ. ಬ್ಯಾಟರಿ ಉಳಿಸಲೆಂದು ಪುಟ್ಟ ಬಜರ್ ಹಾಕಿದ್ದ, ಅದು ಜೋರಾಗಿ ಕೂಗುವುದು ಕೀಚಲು ದನಿಯಲ್ಲಿ ಮಾತ್ರ. ವಯಸ್ಸಾದ ಕಿವಿ ಮೊದಲು ಕೈಬಿಡುವುದೂ ಆ ಕೀಚಲು ದನಿಯನ್ನೇ. ಲ್ಯಾಬಿನಲ್ಲಿ ಅದನ್ನು ಕೇಳಿ ಭೇಷ್ ಎಂದವರೆಲ್ಲ ಇಪ್ಪತ್ತೈದರ ಆಸುಪಾಸಿನವರು. ಅಳೆಯಲು ಇಟ್ಟ ಉಪಕರಣವೇ ಅಳತೆಯನ್ನು ಕೆಡಿಸಬಹುದು, ಹುಷಾರು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಇವನೇ. ಥೂ, ನನ್ನ ಬುದ್ಧಿಗಿಷ್ಟು, ಎಂದುಕೊಂಡ. ಅತ್ತೆ ಬಿದ್ದಿದ್ದರೆ?

ಸೋಮವಾರ ಎಲ್ಲವನ್ನೂ ಒಪ್ಪಿಕೊಂಡ. ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. “ಹತ್ತೊಂಬತ್ತು ದಿನದ ದಾಖಲೆ ಚೆನ್ನಾಗೇ ಇದೆಯಲ್ರೀ?”

“ಆ ಹತ್ತೊಂಬತ್ತು ದಿನ ಕೆಲಸ ಮಾಡಿದ್ದು ಡಬ್ಬಿ ಅಲ್ಲ ಸರ್, ನನ್ನ ಹೊಟ್ಟೆ. ಹತ್ತು ಸಾವಿರ ಮನೆಗೆ ಅದನ್ನ ಕಳಿಸೋಕಾಗಲ್ಲ.”

ಡಬ್ಬಿ ಮೂರು ತಿಂಗಳು ಮುಂದಕ್ಕೆ ಹೋಯಿತು, ಅವನ ಬಡ್ತಿ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ದಪ್ಪ ದನಿಯ ಹೊಸ ಡಬ್ಬಿಯನ್ನು ಅತ್ತೆಯ ಬಳಿ ಇಟ್ಟು, ಈ ಸಲ ಹೊಟ್ಟೆಯ ಸಮೇತ ಪರವೂರಿಗೆ ಹೊರಟುಹೋದ. ಮಾತ್ರೆ ಮರೆತರೆ ಕೊಡಲು ಹೆಂಡತಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದ. ಬೆಳಿಗ್ಗೆ ಎಂಟಕ್ಕೆ ಅತ್ತೆಯ ಫೋನ್ ಬಂತು.

“ಕೇಳಿಸ್ತು ಅಳಿಯಂದ್ರೇ!”

“ನಿಜವಾಗ್ಲೂ? ಇಲ್ಲಾ ನನಗೆ ಬೇಜಾರಾಗುತ್ತೆ ಅಂತ ಹೇಳ್ತಿದೀರಾ?”

“ನಿಮಗೆ ಪುರಾವೆ ಬೇಕಲ್ಲ, ಅದಕ್ಕೇ ಮುಚ್ಚಳ ತೆಗೆದಿಲ್ಲ. ತಗೊಳ್ಳಿ, ಕೇಳಿ.” ಫೋನಿನಲ್ಲಿ ಡಬ್ಬಿ ಎಮ್ಮೆಯ ಹಾಗೆ ‘ಭೋಂ’ ಎನ್ನುತ್ತಿತ್ತು.

“ಪುರಾವೆ ಹಾಳಾಗ್ಲಿ, ಮೊದ್ಲು ಮಾತ್ರೆ ನುಂಗಿ ಅತ್ತೆ,” ಎಂದ.