ಮುಂದಿನ ಚಕ್ರದ ತೂಕ

ಮೊದಲು ಸ್ನಾನ, ಅನಂತರ ಹೊಸ ಪಂಚೆ, ಅನಂತರ ಬಾಯಿಗೆ ಅಕ್ಕಿಕಾಳು. ರಾಹುಕಾಲ ಹತ್ತುವ ಮುಂಚೆ ಎತ್ತುವುದು. ಗಂಡಸರು ಕೃಷ್ಣೆಯ ದಡದಿಂದ ಹಿಂದಿರುಗುವುದರೊಳಗೆ ಹೆಂಗಸರು ಮನೆ ತೊಳೆದು ತಲೆಗೆ ನೀರು ಹಾಕಿಕೊಂಡಿರುವುದು. ಅದೇ ಅವಧಿಯಲ್ಲಿ ಹಿತ್ತಲಿನ ಮೋಟಾರುಸೈಕಲ್ಲು ಗೇಟು ದಾಟಿ ಹೋಗಿರುವುದು. ಬಾಲಚಂದ್ರರಾಯರು ಈ ಕ್ರಮವನ್ನು ಬೆರಳು ಮಡಿಸುತ್ತ ಎರಡನೆಯ ಸಲ ಹೇಳುತ್ತಿದ್ದಾಗ ಮೃಣಾಲಿನಿ ತಂದೆಯ ಕಾಲ ಬಳಿ ಬಿಂದಿಗೆ ಬಗ್ಗಿಸಿ ನಿಂತಿದ್ದಳು. ನೀರು ಕಾಲಿನ ಮೇಲೆ ಬೀಳದೆ ಚಾಪೆಯ ಮೇಲೆ ಹರಿಯುತ್ತಿತ್ತು. ಅವಳ ಕಣ್ಣು ಹಿತ್ತಲ ಬಾಗಿಲಿನ ಮೇಲಿತ್ತು.

"ಎಲ್ಲಿ ನೋಡ್ತಿದೀಯೇ? ನೀರು ಎಲ್ಲಿಗೆ ಹೋಗ್ತಿದೆ ನೋಡು," ಎಂದು ಗಿರಿಜಾ ದೊಡ್ಡಮ್ಮ ಬಿಂದಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡರು.

ಬಾಲಚಂದ್ರರಾಯರು ಮೃಣಾಲಿನಿಯ ತಂದೆ ದಿನಕರನ ಅಣ್ಣ. ತುಮಕೂರಿನಿಂದ ಹೆಂಡತಿ ಗಿರಿಜಾ ಮತ್ತು ಮಗನೊಡನೆ ರಾತ್ರಿಯ ರೈಲು ಹಿಡಿದು ಆ ಗುರುವಾರ ಬೆಳಿಗ್ಗೆಯಷ್ಟೇ ವಿಜಯವಾಡದಲ್ಲಿ ಇಳಿದಿದ್ದರು. ದಿನಕರ ಸತ್ತದ್ದು ಮಂಗಳವಾರ ಸಂಜೆ. ಬ್ಯಾಂಕಿನ ಇಬ್ರಾಹಿಂಪಟ್ನಂ ಶಾಖೆಯಿಂದ ಎಂದಿನಂತೆ ತಮ್ಮ ಯೆಜ್ಡಿ ಮೋಟಾರುಸೈಕಲ್ಲಿನಲ್ಲಿ ಹೊರಟವರು ದಾರಿಯಲ್ಲಿ ಬಿದ್ದರು. ಲಾರಿಯೊಂದು ಗಾಡಿಸಮೇತ ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಮೈಮೇಲೆ ಹೇಳಿಕೊಳ್ಳುವಂಥ ಪೆಟ್ಟಿರಲಿಲ್ಲ. ಕಾರಣವನ್ನು ಪೋಸ್ಟ್‌ಮಾರ್ಟಂ ವರದಿ ಬಂದ ಮೇಲೆ ಹೇಳುವುದಾಗಿ ಡಾಕ್ಟರು ಹೇಳಿದ್ದರು. ಆದರೆ ಜಗಲಿಯಲ್ಲಿ ಕುಳಿತವರು ವರದಿಗಾಗಿ ಕಾಯುತ್ತಿರಲಿಲ್ಲ.

"ಸೋಡಾ ಬಂಡಿಯವನು ಕಣ್ಣಾರೆ ನೋಡಿದಾನೆ ಸಾರ್," ಎಂದ ದುರ್ಗಾಪ್ರಸಾದ್. ದಿನಕರನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಅವನು ಕನ್ನಡ ಕಲಿತದ್ದೂ ಅವರಿಂದಲೇ. "ಹ್ಯಾಂಡ್ಲು ಗಡಗಡ ಅಂತ ಅಲ್ಲಾಡ್ತಂತೆ. ಗಾಡಿ ಪಕ್ಕಕ್ಕೆ ಒರಗ್ತಂತೆ. ಅಷ್ಟೇ. ಎದುರಿಗೆ ಲಾರಿ ಇಲ್ಲ, ಎಮ್ಮೆ ಇಲ್ಲ."

"ಚಕ್ರ ಅಲ್ಲಾಡ್ದೆ ಹ್ಯಾಂಡ್ಲು ಯಾಕ್ರೀ ಅಲ್ಲಾಡತ್ತೆ? ಮುಂದಿಂದು ಹೊಸ ಟೈರು ಅಂತ ನೀವೇ ಹೇಳಿದ್ರಲ್ಲ," ಎಂದರು ಬಾಲಚಂದ್ರರಾಯರು. "ಊರು ತುಂಬ ಅಂಗಡಿ ಇದಾವೆ. ಹೋಗಿ ಹಾಕಿಸ್ಕೊಂಡು ಬರೋದಕ್ಕೆ ಇವನಿಗೇನು ಧಾಡಿ? ಇಲ್ಲ, ಮನೇಲೇ ಆಗ್ಬೇಕು, ತನ್ನ ಕೈಯಿಂದಲೇ ಆಗ್ಬೇಕು. ಈಗ ಆಯ್ತಲ್ಲ!"

"ಅವರ ಕೈ ತಪ್ಪಲ್ಲ ಸಾರ್. ನನ್ನ ಸಹೀಲೂ ತಪ್ಪು ಹುಡುಕ್ತಿದ್ರು. ನಿನ್ನೆ ಹಾಕಿದ ಹಾಗೆ ಇವತ್ತು ಹಾಕಿಲ್ಲ, ಪ್ರಸಾದ್, ನೀವು ನೀವೇನಾ ಅಂತ ಕೇಳ್ತಿದ್ರು."

ಒಳಗಿನಿಂದ ಗಿರಿಜಾ ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಲೇ ಸೇರಿಸಿದರು: "ವಿಶಾಖಪಟ್ಟಣಕ್ಕೆ ನಾವು ಬಂದಿದ್ದಾಗ ಪಾಪ, ರಾಜ್ಯಲಕ್ಷ್ಮಿಯ ಪೌಡರ್ ಡಬ್ಬಿ ಪೂರ್ತಿ ಟ್ಯೂಬಿಗೆ ಸುರಿದಿದ್ದ. ಒಳಗೆ ಅಂಟ್ಕೋಬಾರದಂತೆ. ಇವಳ ಮುಖಕ್ಕೆ ಚಿಟಿಕೆ ಇಲ್ಲ, ಟ್ಯೂಬು ಮಾತ್ರ ಮದುಮಗಳ ಹಾಗೆ ಘಮಘಮ."

ಯಾರೋ ನಕ್ಕರು, ನಕ್ಕದ್ದನ್ನು ಕೆಮ್ಮಾಗಿ ಬದಲಿಸಿದರು. ಮೃಣಾಲಿನಿಯ ತಾಯಿ ರಾಜ್ಯಲಕ್ಷ್ಮಿ ಗೋಡೆಗೆ ಒರಗಿ ಕುಳಿತಿದ್ದವರು ತಲೆಯೆತ್ತಲಿಲ್ಲ.

"ಪ್ರಸಾದ್, ಗ್ಯಾರೇಜಿನವನು ಬರ್ತಾನೆ ತಾನೆ?" ಎಂದರು ಬಾಲಚಂದ್ರರಾಯರು. "ನಾವು ತಿರುಗಿ ಬರೋ ಹೊತ್ತಿಗೆ ಆ ಪೀಡೆ ನನ್ನ ಕಣ್ಣಿಗೆ ಬೀಳಕೂಡದು. ಮಾರ್ಲಿ, ಗುಜರಿಗೆ ಹಾಕ್ಲಿ, ಅವನಿಷ್ಟ."

ಮೃಣಾಲಿನಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಆ ಟೈರನ್ನು ಹಾಕಿದ್ದು ತಂದೆಯಲ್ಲ. ಭಾನುವಾರ, ಇದೇ ಹಿತ್ತಲಿನಲ್ಲಿ, ಅದನ್ನು ಹಾಕಿದ್ದು ಅವಳು. ಅಷ್ಟು ಜನರಲ್ಲಿ ಒಬ್ಬರಾದರೂ ಅದನ್ನು ಕೇಳಲಿಲ್ಲ. ಹೇಳುವುದಕ್ಕೆ ಮೊದಲು ತಪ್ಪು ತನ್ನದೋ ಅಲ್ಲವೋ ಎಂದು ಅವಳಿಗೆ ತಿಳಿಯಬೇಕಿತ್ತು. ತಿಳಿಯುವ ದಾರಿ ಒಂದೇ, ಚಕ್ರವನ್ನು ಬಿಚ್ಚಿ ನೋಡುವುದು. ಅದೂ ಇನ್ನು ಸ್ವಲ್ಪ ಹೊತ್ತಿನಲ್ಲಿ ಗೇಟು ದಾಟಲಿತ್ತು.

*

ವಿಜಯವಾಡಕ್ಕೆ ವರ್ಗವಾಗುವ ಮೊದಲು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಅವರಿದ್ದದ್ದು ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ. ಕಡಲ ಗಾಳಿಗೆ ಕಬ್ಬಿಣವೆಲ್ಲ ತುಕ್ಕು ಹಿಡಿಯುತ್ತಿತ್ತು. ಮೈಸೂರಿನಲ್ಲಿ ತಯಾರಾದ ಯೆಜ್ಡಿಯನ್ನು ದಿನಕರ ಊರ ಕಡೆಯ ನೆಂಟನಂತೆ ಆದರಿಸುತ್ತಿದ್ದರು. ವಾರಕ್ಕೊಮ್ಮೆ ಚಕ್ರದ ಕಡ್ಡಿಗಳನ್ನು ಸೀಮೆಎಣ್ಣೆಯಲ್ಲಿ ಒರೆಸುವುದು ತಪ್ಪುತ್ತಿರಲಿಲ್ಲ. ಮೃಣಾಲಿನಿಗೆ ಆಗ ಹನ್ನೆರಡು ವರ್ಷ.

ಒಂದು ಮಧ್ಯಾಹ್ನ ಊಟದ ಮೇಜಿನ ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ನಡುವೆ ಚಕ್ರವನ್ನು ಇಳಿಬಿಟ್ಟು, ಅದರ ಅಚ್ಚಿನ ಎರಡು ತುದಿಗಳನ್ನು ಕುರ್ಚಿಗಳ ಬೆನ್ನಿನ ಮೇಲೆ ಕೂರಿಸಿದರು.

"ಅದು ಊಟಕ್ಕೆ ಕೂತ್ಕೊಳ್ಳೋ ಕುರ್ಚಿ!" ರಾಜ್ಯಲಕ್ಷ್ಮಿ ಅಡುಗೆಮನೆಯಿಂದ ಕೂಗಿದರು.

"ಚಕ್ರವೂ ಕೂತೇ ಇದೆ. ಊಟ ಮಾತ್ರ ಕೇಳ್ತಿಲ್ಲ."

ಅವರು ಚಕ್ರವನ್ನು ಮೆಲ್ಲನೆ ತಿರುಗಿಸಿ ಕೈ ಬಿಟ್ಟರು. ಅದು ಸುತ್ತಿತು, ನಿಧಾನವಾಯಿತು, ಹಿಂದಕ್ಕೂ ಮುಂದಕ್ಕೂ ತೂಗಿ ನಿಂತಿತು. ಕೆಳಗೆ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ಮತ್ತೆ ತಿರುಗಿಸಿದರು. ಗುರುತು ಮತ್ತೆ ಕೆಳಗೇ ಬಂದು ನಿಂತಿತು.

"ಯಾಕೆ ಅಲ್ಲಿಗೇ ಬರತ್ತೆ?"

"ಅಲ್ಲಿ ಭಾರ ಜಾಸ್ತಿ. ಭಾರ ಇರೋ ಕಡೆ ತಾನಾಗೇ ಕೆಳಗೆ ಬರತ್ತೆ. ಅದರ ನೇರ ಎದುರಿನ ಕಡ್ಡಿಗೆ ತೂಕ ಕಟ್ಟಬೇಕು."

ರೇಡಿಯೋ ರಿಪೇರಿಯವರು ಬಳಸುವ ಬೆಸುಗೆ ತಂತಿಯನ್ನು ಎದುರಿನ ಕಡ್ಡಿಗೆ ಬಿಗಿಯಾಗಿ ಸುತ್ತಿ, ತುದಿಯನ್ನು ಇಕ್ಕಳದಿಂದ ಒಳಗೆ ಮಡಿಸಿದರು. ಮತ್ತೆ ತಿರುಗಿಸಿದಾಗ ಗುರುತು ಪಕ್ಕದಲ್ಲಿ ನಿಂತಿತು, ಇನ್ನೊಮ್ಮೆ ಮೇಲೆ, ಇನ್ನೊಮ್ಮೆ ಎಲ್ಲೋ.

"ಈಗ ಯಾವ ಕಡೆಗೂ ಪಕ್ಷಪಾತ ಇಲ್ಲ. ಪಕ್ಷಪಾತ ಇರೋ ಚಕ್ರ ಮೆಲ್ಲಗೆ ಹೋಗುವಾಗ ಏನೂ ಹೇಳಲ್ಲ. ವೇಗ ಬಂದಾಗ ಹ್ಯಾಂಡ್ಲು ನಡುಗತ್ತೆ."

ಮುಂದೆ ಅವಳೂ ಪ್ರಯತ್ನಿಸಿದಳು, ಹಲವು ಸಲ, ಬಿ.ಎಸ್‌ಸಿ. ತರಗತಿಗೆ ಬಂದ ಮೇಲೂ. ಪ್ರತಿಸಲವೂ ಅವರು ಒಮ್ಮೆ ತಿರುಗಿಸಿ ನೋಡಿ, "ತಪ್ಪು. ಇನ್ನೊಂದ್ಸಲ," ಎನ್ನುತ್ತಿದ್ದರು. ಹೊಗಳಿಕೆಯನ್ನು ಅವರಿಂದ ಯಾರೂ ನಿರೀಕ್ಷಿಸುತ್ತಿರಲಿಲ್ಲ. ಅವರು ಸರಿ ಎಂದರೆ ಅದು ಸರಿ.

*

ಹೆಣ ಎತ್ತಿದರು. ದೊಡ್ಡಪ್ಪನ ಮಗ ಮುಂದೆ ಮಡಕೆ ಹಿಡಿದು ನಡೆದ. ಗೋವಿಂದ ನಾಮ ಬೀದಿಯ ತಿರುವಿನಲ್ಲಿ ಕರಗುವ ಮೊದಲೇ ಮೃಣಾಲಿನಿ ಹಿತ್ತಲಿನಲ್ಲಿದ್ದಳು. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ನಿನ ಕೆಳಗೆ ಇಟ್ಟಿಗೆ ಕೊಟ್ಟು, ಮುಂದಿನ ಅಚ್ಚಿನ ನಟ್ಟಿಗೆ ಪಾನಾ ಹಾಕಿದಳು. ಪಾನಾ ಎರಡು ಸಲ ಜಾರಿತು.

ಗೇಟಿನಲ್ಲಿ ರಿಕ್ಷಾ ಬಂಡಿಯ ಗಂಟೆ ಬಾರಿಸಿತು. "ಅಮ್ಮಾ! ಬಂಡಿ ಎಕ್ಕಡ?" ಗಾಡಿ ಎಲ್ಲೆಂದು ಗ್ಯಾರೇಜಿನಿಂದ ಬಂದವನು ತೆಲುಗಿನಲ್ಲಿ ಕೇಳುತ್ತಿದ್ದ.

"ಆಗು, ವಸ್ತುನ್ನಾ," ಎಂದು ಮೃಣಾಲಿನಿ ಕಾಯುವಂತೆ ಕೂಗಿದಳು.

ಪೊರಕೆ ಹಿಡಿದು ಬಂದ ಗಿರಿಜಾ ದೊಡ್ಡಮ್ಮ ಬಾಗಿಲಲ್ಲೇ ನಿಂತರು. "ಏನೇ ಇದು? ಅಪ್ಪ ಇನ್ನೂ ದಾರೀಲಿದಾನೆ, ನೀನು ಇಲ್ಲಿ ಪಾನಾ ಹಿಡ್ಕೊಂಡು ಕೂತಿದೀಯಲ್ಲ! ನೋಡಿದೋರು ಏನಂದಾರು? ಏಳು, ಸ್ನಾನ ಮಾಡು."

"ಒಂದು ನಿಮಿಷ ದೊಡ್ಡಮ್ಮ."

"ಒಂದು ನಿಮಿಷಾನೂ ಇಲ್ಲ, ಅರ್ಧಾನೂ ಇಲ್ಲ. ಅದನ್ನ ಮುಟ್ಟಬೇಡ ಅಂತ ಅವರು ಹೇಳಿದ್ರೋ ಇಲ್ವೋ?"

"ಬಿಡಿ ಅಕ್ಕಾ." ರಾಜ್ಯಲಕ್ಷ್ಮಿ ಹಿಂದೆ ಬಂದು ನಿಂತಿದ್ದರು. ಅವರ ತಲೆಗಿನ್ನೂ ಯಾರೂ ನೀರು ಹೊಯ್ದಿರಲಿಲ್ಲ. "ಮಗು ನೋಡ್ಲಿ. ನೋಡದಿದ್ರೆ ಅದು ಬದುಕಲ್ಲ."

ದೊಡ್ಡಮ್ಮ ಇಬ್ಬರ ಮುಖವನ್ನೂ ನೋಡಿ, ಪೊರಕೆಯೊಡನೆ ಒಳಗೆ ಹೋದರು.

"ಭಾನುವಾರ ಟೈರು ಹಾಕಿದ್ದು ನೀನು ಅಂತ ನಂಗೊತ್ತು ತಲ್ಲೀ," ಎಂದು ರಾಜ್ಯಲಕ್ಷ್ಮಿ ಮಗಳನ್ನು ತವರಿನ ತೆಲುಗಿನಲ್ಲಿ ಕರೆದರು. "ನಿನ್ನ ಉಗುರಲ್ಲಿ ಕಪ್ಪಿತ್ತು, ಅವರ ಉಗುರಲ್ಲಿ ನಿಂಬೆಹಣ್ಣಿತ್ತು. ನಾನೇನು ಕುರುಡಿಯಾ?"

"ಯಾರಿಗೂ ಹೇಳ್ಲಿಲ್ಲ ನೀನು."

"ಏನಂತ ಹೇಳ್ಲಿ? ಮೊದ್ಲು ನೀನು ನೋಡು. ಏನಿದ್ರೂ ನನಗೊಬ್ಬಳಿಗೆ ಹೇಳು."

*

ಭಾನುವಾರ ರಾಜ್ಯಲಕ್ಷ್ಮಿ ರಾತ್ರಿಯವರೆಗೆ ತವರಿನವರ ಮನೆಯಲ್ಲಿದ್ದರು. ದಿನಕರನ ಬಲ ಹೆಬ್ಬೆರಳಿಗೆ ಉಗುರುಸುತ್ತಾಗಿ, ಅದಕ್ಕೆ ಅರಿಸಿನ ತುಂಬಿದ ನಿಂಬೆಹಣ್ಣನ್ನು ಟೋಪಿಯಂತೆ ತೊಡಿಸಿದ್ದರು. ಗಾಡಿಯ ಹಿಡಿ ಹಿಡಿಯಲು ಅದು ಅಡ್ಡಿಯಾಗುತ್ತಿರಲಿಲ್ಲ. ಟೈರಿನ ಅಂಚನ್ನು ಎಬ್ಬಿಸುವ ಕಬ್ಬಿಣದ ಪಟ್ಟಿಯನ್ನು ಒತ್ತಲು ಮಾತ್ರ ಆಗುತ್ತಿರಲಿಲ್ಲ.

"ನೀನೇ ಹಾಕು," ಎಂದರು. ಹಾಗೆಂದು ಕುರ್ಚಿ ಎಳೆದುಕೊಂಡು ಅವಳ ಹಿಂದೆ ಕುಳಿತರು.

ಸೋಪಿನ ನೀರು ಸವರಿ, ಟ್ಯೂಬಿಗೆ ತುಸುವೇ ಗಾಳಿ ತುಂಬಿ ಒಳಗೆ ಕೂರಿಸಿ, ಅವಳು ಕೊನೆಯ ಗೇಣಿನಷ್ಟು ಅಂಚನ್ನು ಒಳಸೇರಿಸಲು ಹೆಣಗಿದಳು. ಪಟ್ಟಿ ಬಾಗುವಷ್ಟು ಒತ್ತಿದಳು.

"ಬಲ ಹಾಕ್ಬೇಡ. ಬಲ ಬೇಕು ಅನ್ನಿಸಿದ್ರೆ ಬೇರೆಲ್ಲೋ ತಪ್ಪಿದೆ ಅಂತ. ಎದುರುಗಡೆ ಅಂಚು ರಿಮ್ಮಿನ ಹಳ್ಳದಲ್ಲಿ ಕೂತಿದೆಯಾ ನೋಡು."

ಕೂತಿರಲಿಲ್ಲ. ಮೊಣಕಾಲಿಂದ ಒತ್ತಿ ಕೂರಿಸಿದಳು; ಉಳಿದ ಅಂಚು ಸದ್ದಿಲ್ಲದೆ ಒಳಗೆ ಜಾರಿತು. ಗಾಳಿ ತುಂಬಿದಳು. ಕುರ್ಚಿಗಳನ್ನು ತಂದು ಚಕ್ರವನ್ನು ಏರಿಸಿದಳು. ಕತ್ತಲಾಗುತ್ತ ಬಂದಿತ್ತು. ಭಾರದ ಜಾಗ ಹುಡುಕಿ, ಎದುರಿನ ಕಡ್ಡಿಗೆ ಬೆಸುಗೆ ತಂತಿಯನ್ನು ನಾಲ್ಕು ಸುತ್ತು ಸುತ್ತಿ, ತುದಿ ಮಡಿಸಿದಳು. ದಿನಕರ ಎದ್ದು ಬಂದು ಎಡಗೈಯಿಂದ ಚಕ್ರ ತಿರುಗಿಸಿದರು. ಅದು ನಿಂತಿತು. ಅವರು ಬಹಳ ಹೊತ್ತು ನೋಡಿದರು.

"ಸರಿಯಾಗಿದೆ," ಎಂದರು.

ಅವಳು ಕೈ ತೊಳೆಯದೆ ಹಾಗೇ ನಿಂತಿದ್ದಳು. ಚಕ್ರವನ್ನು ಬೆಳಿಗ್ಗೆ ಗಾಡಿಗೆ ಜೋಡಿಸೋಣವೆಂದು ಗೋಡೆಗೆ ಒರಗಿಸಿ, ಕುರ್ಚಿಗಳನ್ನು ಎತ್ತಿಕೊಂಡು ಇಬ್ಬರೂ ಒಳಗೆ ಹೋದರು. ಸೋಮವಾರ ಅವಳು ಏಳುವ ಹೊತ್ತಿಗೆ ಚಕ್ರ ಗಾಡಿಗೆ ಸೇರಿತ್ತು, ಗಾಡಿ ಕೆಲಸಕ್ಕೆ ಹೋಗಿತ್ತು.

*

ಚಕ್ರ ಕೈಗೆ ಬಂತು. ಟೈರು ಬಿರುಸಾಗಿತ್ತು, ಗಾಳಿ ಹೋಗಿರಲಿಲ್ಲ. ಟೈರಿನ ಮಗ್ಗುಲಲ್ಲಿ ಅಂಚಿಗೆ ಸಮನಾಗಿ ಓಡುವ ಗೆರೆಯನ್ನು ಅವಳು ಬೆರಳಿಟ್ಟು ಸುತ್ತಲೂ ಹಿಂಬಾಲಿಸಿದಳು. ಎಲ್ಲ ಕಡೆಯೂ ರಿಮ್ಮಿನಿಂದ ಒಂದೇ ದೂರ. ತಿರುವಿ ಇನ್ನೊಂದು ಮಗ್ಗುಲನ್ನೂ ನೋಡಿದಳು. ಅಲ್ಲಿಯೂ ಅಷ್ಟೇ. ರಿಮ್ಮು ಬಾಗಿರಲಿಲ್ಲ. ಉಳಿದದ್ದು ತೂಕ.

"ಕುರ್ಚಿ ಬೇಕಮ್ಮ."

ರಾಜ್ಯಲಕ್ಷ್ಮಿ ತಾವೇ ಎರಡನ್ನೂ ಎತ್ತಿ ತಂದರು. "ಮುಗಿದ ಮೇಲೆ ಒಳಗಿಡು. ಮೊನ್ನೆ ಹಾಗೆ ಮಂಜಲ್ಲಿ ಬಿಟ್ಟು ಹೋಗ್ಬೇಡ."

"ಭಾನುವಾರ ಒಳಗಿಟ್ಟೇ ಹೋಗಿದ್ದೆನಲ್ಲ?"

"ಎಲ್ಲಿಟ್ಟೆ? ಸೋಮವಾರ ಹಾಲು ತಗೊಳ್ಳೋಕೆ ಬಂದಾಗ ಎರಡೂ ಇಲ್ಲೇ ಇದ್ವು. ನಾನೇ ಅಲ್ವಾ ಎತ್ತಿಟ್ಟಿದ್ದು."

ಗೇಟಿನಲ್ಲಿ ಗಂಟೆ ಮತ್ತೆ ಬಾರಿಸಿತು: "ಎಂತಸೇಪಮ್ಮಾ? ನಾಕು ಇಂಕೋ ಬಾಡಿಗ ಉಂದಿ!" ಅವನಿಗೆ ಇನ್ನೊಂದು ಬಾಡಿಗೆಯ ಅವಸರವಿತ್ತು.

"ನೀನು ಕೂತ್ಕೋ ನಾಯನಾ, ಸತ್ತ ಮನೆ ಇದು," ಎಂದು ರಾಜ್ಯಲಕ್ಷ್ಮಿ ಕನ್ನಡದಲ್ಲೇ ಗದರಿಸಿದರು. ಗಂಟೆ ಸುಮ್ಮನಾಯಿತು.

ಅಚ್ಚನ್ನು ಕುರ್ಚಿಗಳ ಬೆನ್ನಿನ ಮೇಲೆ ಕೂರಿಸಿ ಮೃಣಾಲಿನಿ ಚಕ್ರವನ್ನು ತಿರುಗಿಸಿದಳು. ತಾಯಿ ಒಂದು ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಇಷ್ಟು ವರ್ಷ ಬೈದುಕೊಂಡೇ ಬಂದ ಕೆಲಸಕ್ಕೆ ಅವರು ಕೈಯಿಕ್ಕಿದ್ದು ಅದೇ ಮೊದಲು. ಚಕ್ರ ನಿಂತಾಗ ಗಾಳಿಯ ನಳಿಕೆ ಎಡಕ್ಕಿತ್ತು. ಎರಡನೆಯ ಸಲ ಮೇಲೆ. ಮೂರನೆಯ ಸಲ ಬಲಕ್ಕೆ, ತುಸು ಕೆಳಗೆ. ಅವಳು ನಂಬದೆ ಮತ್ತೆ ಮತ್ತೆ ತಿರುಗಿಸಿದಳು. ಅದು ಒಮ್ಮೆಯೂ ತೂಗಾಡಲಿಲ್ಲ. ಬಿಟ್ಟಲ್ಲಿ ಬಂದು ನಿಂತು ಸುಮ್ಮನಾಯಿತು.

"ಏನು?" ರಾಜ್ಯಲಕ್ಷ್ಮಿ ಚಕ್ರದ ಮೇಲೆ ಬಾಗಿದರು. "ಹೇಳು, ಏನು?"

"ಚಕ್ರ ಅಲ್ಲಾಡಿಲ್ಲಮ್ಮ. ಅಲ್ಲಾಡಿದ್ದು ಅಪ್ಪನ ಕೈ."

ತಾಯಿ ಕುರ್ಚಿಯನ್ನು ಬಿಡದೆ ಹಾಗೇ ನೆಲಕ್ಕೆ ಕುಸಿದು, ಮೂರು ದಿನಗಳಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತರು. ದೊಡ್ಡಮ್ಮ ಓಡಿ ಬಂದು ಅವರನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದರು. ಒಳಗೆ ಬಿಂದಿಗೆಯಿಂದ ನೀರು ಬೀಳುವ ಸದ್ದು ಕೇಳಿಸಿತು.

ಮೃಣಾಲಿನಿ ಚಕ್ರವನ್ನು ಇಳಿಸಲು ಕೈ ಹಾಕಿದಳು. ಅಂಗೈಗೆ ಏನೋ ಚುಚ್ಚಿತು. ತೂಕದ ಕಡ್ಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಕೆಳಗೆ ಅವಳ ನಾಲ್ಕು ಸುತ್ತುಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿದ್ದವು. ಅವುಗಳ ಮೇಲೆ ಇನ್ನೂ ಎರಡೂವರೆ ಸುತ್ತು ತಂತಿಯಿತ್ತು. ಸಡಿಲವಾಗಿ, ಓರೆಯಾಗಿ, ಎಡಗೈಯಲ್ಲಿ ಬರೆದ ಅಕ್ಷರದಂತೆ ಅದು ಕಡ್ಡಿಯನ್ನು ಹತ್ತಿತ್ತು. ತುದಿಯನ್ನು ಮಡಿಸಲಾಗದೆ ಹೊರಕ್ಕೆ ಬಿಟ್ಟಿತ್ತು. ಸಂದಿಯಲ್ಲಿ ಅರಿಸಿನ ಒಣಗಿತ್ತು.

ಭಾನುವಾರ ಸಂಜೆ ಅವಳು ಕಟ್ಟಿದ ತೂಕ ಸಾಲದಾಗಿತ್ತು. ಸೋಮವಾರ ಅವಳು ಏಳುವುದರೊಳಗೆ ಅಪ್ಪ ಅದನ್ನು ಸರಿಪಡಿಸಿದ್ದರು.