ಬೂದು ಬಣ್ಣದ ಗುಂಡಿ

ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜು ಅವಳದು. ಹದಿನಾಲ್ಕು ವರ್ಷ ಅವಳ ಹೊಟ್ಟೆ ತಾಗಿ ತಾಗಿ ಅದರ ಅಂಚು ನುಣ್ಣಗಾಗಿತ್ತು. ಎಲ್ಲರೂ ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಕೈಕೆಲಸದಿಂದ ಬಂದ ಹೆಸರು ಅದು. ಆಮೇಲಾಮೇಲೆ, ಅವಳ ನಾಲಿಗೆಗೂ ಅದು ಒಪ್ಪುತ್ತದೆ ಎಂದು ಬೆನ್ನ ಹಿಂದೆ ನಗುವವರೂ ಇದ್ದರು.

ತಿಂಗಳಲ್ಲಿ ಹತ್ತು ದಿನ ಅವಳು ಅವಳಾಗಿರುತ್ತಿರಲಿಲ್ಲ. ಏಳುವಾಗಲೇ ಮೈ ನೆನೆದ ಕಂಬಳಿಯಂತೆ ಭಾರ. ಚಮಚ ಬಿದ್ದ ಸದ್ದಿಗೆ ಮೈಯೆಲ್ಲ ಉರಿ, ಸುಮ್ಮನೆ ಕೂತರೆ ಅಳು. ಮುಟ್ಟಾದ ಮರುದಿನ ಯಾರೋ ಹೊರೆ ಇಳಿಸಿದಂತೆ ಎಲ್ಲ ಹೋಗುತ್ತಿತ್ತು. ಹೋದ ಮೇಲೆ, ಬಂದಿತ್ತು ಎನ್ನುವುದೇ ಅವಳಿಗೆ ಮರೆಯುತ್ತಿತ್ತು. ಅವಳ ಬಾಯಿಗೆ ಸಿಕ್ಕವರಿಗೆ ಮರೆಯುತ್ತಿರಲಿಲ್ಲ.

ಅಂಥದೊಂದು ದಿನ ಹದಿಮೂರು ವರ್ಷದ ಮಗಳು ಹಾಲು ಉಕ್ಕಿಸಿದಳು. "ನೀನೊಬ್ಬಳು ಇಲ್ದಿದ್ರೆ ನಾನು ನೆಮ್ಮದಿಯಾಗಿ ಇರ್ತಿದ್ದೆ" ಎಂದುಬಿಟ್ಟಳು ತಾಯಿ. ಹುಡುಗಿ ಮರುಮಾತಾಡದೆ ಒಲೆ ಒರೆಸಿ, ಪುಸ್ತಕ ಚೀಲಕ್ಕೆ ತುಂಬಿಕೊಂಡು, ಎರಡು ಬೀದಿ ಆಚೆಯ ಅಜ್ಜಿ ಮನೆಗೆ ಹೋದಳು. ಅಪ್ಪ ಇಲ್ಲದ ಮನೆ, ತಡೆಯುವವರು ಯಾರು? ಕರೆತರಲು ಹೊರಟ ತಾಯಿ ಅರ್ಧ ದಾರಿಯಿಂದ ತಿರುಗಿದಳು. ಕರೆತಂದು, ಮುಂದಿನ ತಿಂಗಳು ಮತ್ತೆ ಅದೇ ಮಾತು ಆಡಿದರೆ?

ಅದೇ ವಾರ ಹನ್ನೆರಡು ಅಂಗಿಗೆ ತೋಳು ಕತ್ತರಿಸಿದಳು. ಬಟ್ಟೆಯನ್ನು ಎದುರುಬದುರು ಹಾಸಬೇಕಿತ್ತು, ಒಂದೇ ಮಗ್ಗುಲಿಗೆ ಹಾಸಿದ್ದಳು. ಇಪ್ಪತ್ತನಾಲ್ಕೂ ಎಡತೋಳು.

ಮೇಸ್ತ್ರಿ ಒಂದೊಂದಾಗಿ ಎತ್ತಿ ನೋಡಿದ. "ಏನಕ್ಕಾ, ಇವರಿಗೆಲ್ಲ ಬಲಗೈ ಯಾರು ಕಿತ್ಕೊಂಡ್ರು?"

ಅವಳು ತೋಳುಗಳನ್ನೆಲ್ಲ ಬಾಚಿ ತನ್ನತ್ತ ಎಳೆದುಕೊಂಡಳು.

"ಬೈತಿಲ್ಲ ಕಣಕ್ಕ. ಬಹಳ ದಿನದಿಂದ ನೋಡ್ತಿದೀನಿ. ನೀನು ಕೆಡಿಸೋದು ತಿಂಗಳಿಗೆ ಒಂದೇ ಸಲ. ಗಡಿಯಾರ ನೋಡ್ಕೊಂಡು ಕೆಡಿಸ್ದಂಗೆ."

ಆ ಮಾತೇ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದಿತು.

"ಇದು ನಿಮ್ಮ ಗುಣ ಅಲ್ಲಮ್ಮ, ಕಾಯಿಲೆ" ಎಂದರು ಅವರು. "ದಿನಾ ಅರ್ಧ ಗಂಟೆ ನಡೀರಿ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಕಾಫಿ ಎಷ್ಟು ಕುಡೀತೀರಿ?"

"ನೆನಪಿಟ್ಟಿಲ್ಲ."

"ಹಾಗಿದ್ರೆ ಜಾಸ್ತೀನೇ. ಒಂದಕ್ಕೆ ಇಳಿಸಿ. ಯಾವ ದಿನ ಹೇಗಿತ್ತು ಅಂತ ಬರೆದಿಡಿ. ಇದರಲ್ಲಿ ತಗ್ಗದಿದ್ರೆ ಮಾತ್ರೆ ಇದೆ. ಬದುಕೇ ಬೇಡ ಅನ್ನಿಸಿದ ದಿನ ಮಾತ್ರ ಕಾಯ್ಬೇಡಿ, ಅವತ್ತೇ ಬನ್ನಿ."

ಬರೆಯುವುದು ಅವಳ ಕೈಗೆ ಒಗ್ಗದ ಕೆಲಸ. ದಪ್ಪ ಬಟ್ಟೆಯ ಪಟ್ಟಿಯೊಂದನ್ನು ಮನೆಯ ಗೋಡೆಗೆ ತೂಗುಹಾಕಿ, ಸಂಜೆ ಬಂದ ಕೂಡಲೇ ಅದರ ಮೇಲೆ ಜೋಡಿ ತಪ್ಪಿದ ಗುಂಡಿಯೊಂದನ್ನು ಹೊಲಿಯತೊಡಗಿದಳು. ಒಳ್ಳೆಯ ದಿನಕ್ಕೆ ಬಿಳಿ, ಕೆಟ್ಟ ದಿನಕ್ಕೆ ಕಪ್ಪು.

ಕಾಫಿ ಒಂದಕ್ಕೆ ಇಳಿಸಿದಾಗ ಒಂದು ವಾರ ತಲೆ ಸಿಡಿಯಿತು. ಬೆಳಿಗ್ಗೆ ಕಾಲೆಳೆದುಕೊಂಡು ಆಟದ ಮೈದಾನ ಸುತ್ತಿದಳು. ಆ ತಿಂಗಳೂ ಕಪ್ಪು ಹತ್ತೇ. ಆದರೂ ಬಿಡಲಿಲ್ಲ, ಮಾತ್ರೆಗೆ ಮೊದಲು ಇನ್ನೆರಡು ತಿಂಗಳು ನೋಡೋಣ ಎಂದುಕೊಂಡಳು. ಆ ದಿನಗಳಲ್ಲಿ ಕತ್ತರಿ ಬೇಡವೆಂದು ಅವಳೇ ಕೇಳಿಕೊಂಡಳು. "ಕತ್ತರಿ ಅಕ್ಕನಿಗೆ ಕತ್ತರಿ ರಜೆ" ಎಂದು ಮೇಸ್ತ್ರಿ ಗುಂಡಿ, ಕಾಜಾದ ಕೆಲಸ ಕೊಟ್ಟ.

ಮೂರನೆಯ ತಿಂಗಳ ಕೊನೆಗೆ, ಒಂದು ಸಂಜೆ, ಮಗಳು ಉಳಿದ ಬಟ್ಟೆ ಒಯ್ಯಲು ಖಾಲಿ ಚೀಲ ಹಿಡಿದು ಬಂದಳು. ಗೋಡೆಯ ಪಟ್ಟಿ ಕಣ್ಣಿಗೆ ಬಿತ್ತು.

"ಏನಮ್ಮ ಇದು?"

ತಾಯಿ ಹೇಳಿದಳು. ಹುಡುಗಿ ಬೆರಳಿಟ್ಟು ಎಣಿಸುತ್ತಾ ಹೋದಳು. "ಕಪ್ಪೆಲ್ಲ ಒಂದೇ ಕಡೆ ಗುಂಪು."

"ಹೂಂ."

"ನಾನು ಹೋದ ದಿನಾನೂ ಕಪ್ಪೇ ಇರ್ಬೇಕು."

"ಅಷ್ಟು ಕಪ್ಪಗಿನ ಗುಂಡಿ ಡಬ್ಬೀಲಿ ಇಲ್ಲ ಮಗಳೇ."

"ಈ ಬೂದು ಬಣ್ಣದ್ದು? ಈ ತಿಂಗಳೇ ಐದಿವೆ."

"ಕೆಟ್ಟ ಮಾತು ಬಾಯಿಗೆ ಬಂತು, ಆಡ್ಲಿಲ್ಲ."

ಹುಡುಗಿ ಚೀಲದ ಹಿಡಿಯನ್ನು ತಿರುವುತ್ತಾ ನಿಂತಳು. "ಅವತ್ತು ಹೇಳಿದ್ದು ನಿಜಾನಾ?"

"ಕಾಯಿಲೆ ಆಡಿಸ್ತು ಅಂದ್ರೆ ನುಣುಚಿಕೊಂಡಂಗೆ. ಆಡಿದ್ದು ನನ್ನ ಬಾಯೇ. ನಿಜ ಅಲ್ಲ. ನೀನಿಲ್ದೆ ಮೂರು ತಿಂಗಳು ಇದ್ದು ನೋಡ್ದೆ, ನೆಮ್ಮದಿ ಯಾವ ಮೂಲೇಲೂ ಸಿಗ್ಲಿಲ್ಲ."

ಹುಡುಗಿ ಪಟ್ಟಿಯ ಕಪ್ಪು ಗುಂಪಿನ ಮೇಲೆ ಬೆರಳಿಟ್ಟಳು. "ಕಪ್ಪು ದಿನ ಮುಂಚೇನೇ ಹೇಳಿಬಿಡು. ಅವತ್ತು ಅಜ್ಜಿ ಮನೇಲಿ ಮಲಗ್ತೀನಿ. ಉಳಿದ ದಿನ ಇಲ್ಲಿ."

"ಹೇಳ್ತೀನಿ."

"ಇವತ್ತು ಯಾವುದು?"

ತಾಯಿಯ ಕೈ ಡಬ್ಬಿಯಲ್ಲಿ ಬಿಳಿ ಗುಂಡಿಯ ಮೇಲೆ ಹೋಗಿ ಕೂತಿತು. ಬಿಳಿ ಎಂದರೆ ಇವತ್ತೇ ಉಳಿಯುತ್ತಾಳೆ. ಬೆಳಿಗ್ಗೆ ಏಳುವಾಗಿನ ನೆನೆದ ಕಂಬಳಿಯ ಭಾರ ಈಗಲೂ ಮೈಮೇಲೇ ಇತ್ತು. ಕೈ ಸರಿಸಿದಳು.

"ಕಪ್ಪು" ಎಂದಳು.

ಹುಡುಗಿ ಸೂಜಿಗೆ ದಾರ ಪೋಣಿಸಿ ತಾಯಿಯ ಕೈಗಿತ್ತಳು. ಖಾಲಿ ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ, ಅದರ ಹಳೆಯ ಜಾಗಕ್ಕೇ ಸಿಕ್ಕಿಸಿ, ಚಪ್ಪಲಿ ಮೆಟ್ಟಿದಳು.

"ಬಿಳಿ ಆದ ದಿನ ಹೇಳಿ ಕಳಿಸು. ಬರ್ತೀನಿ."

ತಾಯಿ ಕೂತು, ಗುಂಡಿಯ ನಾಲ್ಕೂ ತೂತಿಗೆ ದಾರ ಹಾಯಿಸಿ, ಗಟ್ಟಿಯಾಗಿ ಗಂಟು ಹಾಕಿದಳು.